ಎಳೆ ಬಿಚ್ಚುವವನ ಉಸಿರು

ಶಿಡ್ಲಘಟ್ಟದಲ್ಲಿ ಬಸ್ಸಿಳಿದು ರೇಷ್ಮೆ ನೂಲು ಬಿಚ್ಚುವವರ ಓಣಿಗಳತ್ತ ನಡೆದವರಿಗೆ ಊರಿನ ಮೊದಲ ಪರಿಚಯವನ್ನು ಮೂಗೇ ಮಾಡಿಕೊಡುತ್ತದೆ. ಬೆಂದ ಗೂಡಿನೊಳಗಣ ಹುಳುವಿನ ಆ ವಾಸನೆ ಹೊಸಬರಿಗೆ ಅಸಹ್ಯ. ಊರಿನವರಿಗೆ ಅದು ಅನ್ನದ ವಾಸನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಯ ಸುತ್ತಲೂ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತರಿಗೆ ಇಲ್ಲಿನ ಗೂಡಿನ ಮಾರುಕಟ್ಟೆಯೇ ದೊಡ್ಡ ಆಸರೆ. ಧಾರೆಸೀರೆಯ ಅಂಚನ್ನು ಬೆರಳಲ್ಲಿ ತೀಡಿ ಬೆಲೆ ಕೇಳುವ ಗೃಹಸ್ಥರು, ಅದರ ಎಳೆಯನ್ನು ಬಿಚ್ಚಿದವನ ಬೆರಳು ಹೇಗಿದೆಯೆಂದು ಕೇಳಿರಲಾರರು.

ಗೂಡಿನ ಎಳೆಯಲ್ಲಿ ಎರಡು ಪದಾರ್ಥಗಳುಂಟು. ಒಳಗಿನ ಗಟ್ಟಿನಾರು ಫೈಬ್ರಾಯಿನ್. ಅದನ್ನು ಸುತ್ತಿರುವ ಅಂಟು ಸೆರಿಸಿನ್. ಅಂಟು ಸಡಿಲವಾಗದೆ ಎಳೆ ಬಿಚ್ಚದು. ಆದುದರಿಂದಲೇ ಗೂಡನ್ನು ಕುದಿನೀರಿನಲ್ಲಿ ಬೇಯಿಸುತ್ತಾರೆ. ಚರಕದ ಮನೆಯಲ್ಲಿ ಒಲೆಯ ಮುಂದೆ ಕುಳಿತವನು ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸಿ ಎಳೆಯ ತುದಿಯನ್ನು ಹುಡುಕುತ್ತಾನೆ. ಬೆರಳ ಸಂದುಗಳು ಬೆಳ್ಳಗಾಗಿ, ಬಿರಿದು, ಹುಣ್ಣಾಗುತ್ತವೆ. ಸೌದೆಯ ಹೊಗೆ, ನೀರಿನ ಆವಿ, ಒಣಗೂಡಿನ ದೂಳು ಎಲ್ಲವೂ ಒಂದೇ ಮಾಡಿನ ಕೆಳಗೆ. ಕೈಯ ಹುಣ್ಣು ಕಣ್ಣಿಗೆ ಬೀಳುತ್ತದೆ. ಎದೆಯ ಕೇಡು ಬೀಳದು.

ರೇಷ್ಮೆಯ ಹಾಗೂ ಹುಳುವಿನ ಪ್ರೋಟೀನುಗಳು ಕೆಲವರ ದೇಹಕ್ಕೆ ಒಗ್ಗದೆ ಉಬ್ಬಸವನ್ನುಂಟುಮಾಡುತ್ತವೆ. ರೇಷ್ಮೆ ಫಿಲೇಚರುಗಳ ಕೆಲಸಗಾರರಲ್ಲಿ ಇಂತಹ ಉಬ್ಬಸವಿರುವುದನ್ನು 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸಂಗತಿ ಅಷ್ಟು ಹೊಸದೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಜ್ಜಿನಿ 1700ರಷ್ಟು ಹಿಂದೆಯೇ ಕಸುಬುದಾರರ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದು, ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಿಗೆ 'ನಿನ್ನ ಕಸುಬೇನು?' ಎಂಬುದನ್ನೂ ಸೇರಿಸಿಕೊಳ್ಳಿರೆಂದು ವೈದ್ಯರಿಗೆ ಹೇಳಿದ್ದನು. ಮುನ್ನೂರು ವರ್ಷಗಳು ಕಳೆದರೂ ಆ ಪ್ರಶ್ನೆಯನ್ನು ಮರೆಯುವ ವೈದ್ಯರಿದ್ದಾರೆ.

ಕೇಳಿದರೂ ಗಂಡಸು ನೇರವಾಗಿ ಉತ್ತರಿಸುತ್ತಾನೆಂದಲ್ಲ. ಕೆಮ್ಮನ್ನು ಬೀಡಿಯ ಕೆಮ್ಮೆಂದು ತಾನೇ ತೀರ್ಮಾನಿಸಿಬಿಡುತ್ತಾನೆ. ಕಾಯಿಲೆಯೆಂದು ಒಪ್ಪಿಕೊಂಡರೆ ದಿನಗೂಲಿ ತಪ್ಪುತ್ತದೆ. ಯಜಮಾನರಿಂದ ಮುಂಗಡ ಪಡೆದಿದ್ದರೆ ಮನೆಗೆ ಹೋಗಿ ಮಲಗುವ ಸ್ವಾತಂತ್ರ್ಯವೂ ಇಲ್ಲ. ಇದರ ಮೇಲೆ, ದುಡಿಯುವ ಗಂಡು ಕೆಮ್ಮಿಗೆಲ್ಲ ಹೆದರಬಾರದೆಂಬ ಹುಸಿ ಹೆಮ್ಮೆ ಬೇರೆ. ಯಜಮಾನನೇನೂ ಹೊರಗಿನವನಲ್ಲ, ಸಣ್ಣ ಚರಕದ ಒಡೆಯನೂ ಎಷ್ಟೋ ವೇಳೆ ಅದೇ ಹೊಗೆಯಲ್ಲಿ ಕುಳಿತು ಅದೇ ಕೆಮ್ಮು ಕೆಮ್ಮುತ್ತಾನೆ.

ಕಸುಬಿನಿಂದ ಬಂದ ಉಬ್ಬಸಕ್ಕೆ ಒಂದು ಗುರುತುಂಟು. ಕೆಲಸದ ದಿನಗಳಲ್ಲಿ ಅದು ಹೆಚ್ಚುತ್ತದೆ. ಕೆಲವರಿಗೆ ಮನೆ ಸೇರಿದ ಮೇಲೆ, ರಾತ್ರಿಯ ಹೊತ್ತು ಎದೆ ಬಿಗಿಯುತ್ತದೆ. ರಜೆಯಲ್ಲಿ, ಪರವೂರಿಗೆ ಹೋದಾಗ ಇಳಿಯುತ್ತದೆ. ಬೇಗ ಗುರುತಿಸಿ ದೂರವಾದವನು ಚೇತರಿಸಿಕೊಳ್ಳುವ ಸಂಭವ ಹೆಚ್ಚು. ವರ್ಷಗಟ್ಟಲೆ ನುಂಗಿಕೊಂಡವನಿಗೆ ಕೆಲಸ ಬಿಟ್ಟ ಮೇಲೂ ಉಬ್ಬಸ ಬಿಡದಿರಬಹುದು. ಒಲೆಗೆ ಹೊಗೆಕೊಳವೆ, ಗೂಡು ಬೇಯಿಸಲು ಪ್ರತ್ಯೇಕ ಕೋಣೆ, ಗಾಳಿಯಾಡುವ ಕಿಟಕಿ ಇವು ತೀರ ದುಬಾರಿಯಲ್ಲ. ಕೈಯನ್ನು ಬಿಸಿನೀರಿನಿಂದ ಬಹುಮಟ್ಟಿಗೆ ಬಿಡಿಸುವ ಸ್ವಯಂಚಾಲಿತ ಯಂತ್ರ ಮಾತ್ರ ಸಣ್ಣವರ ಕೈಗೆ ಎಟುಕದು.

ಕಾನೂನಿನ ನೆರಳೂ ಎಲ್ಲರ ಮೇಲೆ ಬೀಳಲಿಲ್ಲ. 1948ರ ಕಾರ್ಖಾನೆಗಳ ಕಾಯಿದೆ ವಿದ್ಯುತ್ತಿದ್ದಲ್ಲಿ 10, ಇಲ್ಲದಲ್ಲಿ 20 ಕೆಲಸಗಾರರಿಂದ ಲೆಕ್ಕ ಹಿಡಿದಿತ್ತು. 2020ರ ಸಂಹಿತೆ ಅದನ್ನು 20, 40ಕ್ಕೆ ಏರಿಸಿತು. ನಾಲ್ಕೈದು ಮಂದಿಯ ಚರಕದ ಮನೆ ಆಗಲೂ ಕಾರ್ಖಾನೆಯೆನಿಸಲಿಲ್ಲ, ಈಗಲೂ ಇಲ್ಲ.

ಇಂತಹ ಮನೆಗಳಲ್ಲಿ ದಿನಗಳ ಲೆಕ್ಕವಿಡುವವಳು ಹೆಂಡತಿ. ಆಸ್ಪತ್ರೆಗೆ ಅವಳೂ ಜೊತೆಯಲ್ಲಿ ಹೋದರೆ, ಗಂಡ ನುಂಗಿಕೊಂಡ ಮಾತನ್ನು ವೈದ್ಯರ ಮುಂದೆ ಅವಳಾದರೂ ಆಡಿಯಾಳು: "ಒಲೆ ಹಚ್ಚದ ದಿನ ಇವರಿಗೆ ಉಬ್ಬಸ ಬರೋದಿಲ್ಲ, ಸ್ವಾಮಿ."