ಜಪಾನಿನ ಗೊಂಬೆ ಬಂತು, ಕನ್ನಡದ ಬಾಯಿ ಎಲ್ಲಿ?

ದೊಡ್ಡಬಳ್ಳಾಪುರ: ಬೆಳಗ್ಗೆ ಏಳೂವರೆಯ ಬೆಂಗಳೂರು ಬಸ್ಸು. ಕಾಲಿಡಲು ಜಾಗವಿಲ್ಲ. ಯಲಹಂಕದ ಕಾಲೇಜಿಗೆ ಹೊರಟ ಹುಡುಗನೊಬ್ಬ ಕಂಬಿಗೆ ಒರಗಿ ಒಂದು ಕೈಯಲ್ಲಿ ಮೊಬೈಲು ಹಿಡಿದಿದ್ದಾನೆ. ಅದರೊಳಗೆ ಹಳದಿ ಕೂದಲಿನ ಪೋರನೊಬ್ಬ ಮರದಿಂದ ಮರಕ್ಕೆ ಹಾರುತ್ತಿದ್ದಾನೆ. ಸೀಟಿನಲ್ಲಿ ಕೂತಿದ್ದ ಕಿರಾಣಿ ಅಂಗಡಿ ಯಜಮಾನರು ಬಗ್ಗಿ ನೋಡಿದರು.

"ಏನಪ್ಪಾ, ಮೀಸೆ ಬಂದೈತೆ, ಇನ್ನೂ ಕಾರ್ಟೂನಾ?"

ಹುಡುಗ ಕಿವಿಯ ತಂತಿ ಕಿತ್ತ. "ಕಾರ್ಟೂನಲ್ಲ ಅಂಕಲ್, ಅನಿಮೆ."

"ಹಂಗಂದ್ರೇನು?"

ಹುಡುಗ ಬಾಯಿ ತೆರೆಯುವಷ್ಟರಲ್ಲಿ ರಾಜಾನುಕುಂಟೆ ಬಂತು. ಜನ ನುಗ್ಗಿದರು. ಮಾತು ಅಲ್ಲಿಗೇ ನಿಂತಿತು.

ಆ ನಿಂತ ಮಾತನ್ನು ಮುಂದಕ್ಕೆ ಎಳೆಯೋಣವೆಂದೇ ಇಂದಿನ ಈ ಬರಹ. ಮನೆಯಲ್ಲಿ ಮಕ್ಕಳಿರುವವರಿಗೆ ಇದು ಬೇಕು. ಹೊಸದಾಗಿ ನೋಡೋಣವೇ ಬೇಡವೇ ಎಂದು ತಲೆ ಕೆರೆಯುತ್ತಿರುವ ಹುಡುಗ ಹುಡುಗಿಯರಿಗೂ ಬೇಕು. ಈ ವರದಿಗಾರ ಪಂಡಿತನಲ್ಲ. ಪಿಯುಸಿ ಅರ್ಧಕ್ಕೇ ಬಿಟ್ಟವನು. ಆದರೆ ಅಕ್ಕನ ಮಕ್ಕಳ ಕಾಟಕ್ಕೆ ಕೆಲವು ವರ್ಷಗಳಿಂದ ಕೂತು ನೋಡಿದ್ದಾನೆ. ನೋಡಿದ್ದನ್ನು ಹೇಳುತ್ತಾನೆ, ಅಷ್ಟೇ.

ಮಂಗ ಅಲ್ಲ, ಮಾಂಗಾ!

ಜಪಾನಿನವರು ಚಿತ್ರಕತೆಯ ಪುಸ್ತಕಕ್ಕೆ ಮಾಂಗಾ ಎನ್ನುತ್ತಾರೆ. ಅದೇ ಕತೆ ಪರದೆಯ ಮೇಲೆ ಓಡಾಡಿದರೆ ಅನಿಮೆ. ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು, ನಮ್ಮೂರ ಉರ್ದು ಶಾಲೆಯ ಪುಸ್ತಕದ ಹಾಗೆ. ಗೊತ್ತಿಲ್ಲದೆ ಕೊಂಡವರು ಕೊನೆಯ ಪುಟ ಮೊದಲು ಓದಿ, ಕೊಲೆಗಾರ ಯಾರೆಂದು ತಿಳಿದು ಹಣೆ ಚಚ್ಚಿಕೊಂಡದ್ದೂ ಉಂಟು.

ಅಲ್ಲಿಯೂ ವ್ಯವಹಾರ ನಮ್ಮ ವಾರಪತ್ರಿಕೆ ಧಾರಾವಾಹಿಗಳ ಹಾಗೆಯೇ. 1968ರಲ್ಲಿ ಶುರುವಾದ 'ಶೋನೆನ್ ಜಂಪ್' ಎಂಬ ಪತ್ರಿಕೆಯಲ್ಲಿ ಕತೆಗಳು ಕಂತು ಕಂತಾಗಿ ಬರುತ್ತವೆ. ಯಾವುದು ಚೆನ್ನಾಗಿದೆ ಎಂದು ಓದುಗರು ಬರೆದು ತಿಳಿಸುತ್ತಾರೆ. ಓದುಗರು ಕೈಬಿಟ್ಟ ಕತೆಗೆ ಗಂಟೆ ಬಾರಿಸಿದಂತೆಯೇ! ಗೆದ್ದದ್ದು ಪುಸ್ತಕವಾಗುತ್ತದೆ, ಆಮೇಲೆ ಟಿವಿಗೆ ಹೋಗುತ್ತದೆ.

ಇನ್ನೊಂದು ಮಾತು. ಗೊಂಬೆ ಚಿತ್ರ ಎಂದರೆ ಮಕ್ಕಳದೇ ಎಂಬ ಲೆಕ್ಕ ಇಲ್ಲಿ ನಡೆಯದು. ಅಲ್ಲಿ ಹುಡುಗರಿಗೊಂದು ಬಗೆ, ಹುಡುಗಿಯರಿಗೊಂದು, ದುಡಿಯುವ ಗಂಡಸರಿಗೊಂದು, ಹೆಂಗಸರಿಗೊಂದು. ಇದು ತಿಳಿಯದೆ ಆರು ವರ್ಷದ ಮಗುವಿನ ಕೈಗೆ ರಕ್ತದ ಕೋಡಿಯ ಕತೆ ಕೊಟ್ಟು, ರಾತ್ರಿ ಮಗು ಬೆಚ್ಚಿ ಬೀಳುತ್ತೆ ಅಂತ ತಾಯಿತ ಕಟ್ಟಿಸಿದರೆ ಏನು ಫಲ?

ಪುಟಾಣಿಗಳಿಗೆ ಡೋರೆಮಾನ್

22ನೇ ಶತಮಾನದಿಂದ ಬಂದ ನೀಲಿ ಬೆಕ್ಕು. ಹೊಟ್ಟೆಯ ಜೇಬಿನಲ್ಲಿ ಬೇಕಾದ ಯಂತ್ರ. ನೋಬಿತ ಎಂಬ ಸೋಮಾರಿ ಹುಡುಗನಿಗೆ ನೆರವು. ಫುಜಿಕೋ ಎಫ್. ಫುಜಿಯೋ ಬರೆದ ಈ ಕತೆ ಪುಸ್ತಕದಲ್ಲಿ 1969ರ ಕೊನೆಗೆ ಶುರುವಾಗಿ 1979ರಲ್ಲಿ ಟಿವಿಯಲ್ಲಿ ಗೆದ್ದಿತು.

"ಇದ್ನೋಡಿ ಮಕ್ಕಳು ಕೆಡ್ತಾವೆ" ಎಂಬ ದೂರು ಸಂತೆಬೀದಿಯಲ್ಲೆಲ್ಲ ಇದೆ. ಪೂರ್ತಿ ನೋಡಿದವರು ಹಾಗೆನ್ನಲಾರರು. ಬಹಳಷ್ಟು ಕಂತುಗಳಲ್ಲಿ ನೋಬಿತ ಯಂತ್ರವನ್ನು ಅತಿಯಾಸೆಗೆ ಬಳಸಿ ಕೊನೆಗೆ ತಾನೇ ಗುಂಡಿಗೆ ಬೀಳುತ್ತಾನೆ. ನಮ್ಮ ಪಂಚತಂತ್ರದಲ್ಲಿ ಇರುವುದೂ ಇದೇ ತಾನೆ? ಆರರಿಂದ ಹತ್ತರ ಮಕ್ಕಳಿಗೆ ಅಡ್ಡಿಯಿಲ್ಲ. ದಿನಕ್ಕೆ ಒಂದೆರಡು ಕಂತು ಸಾಕು.

ಆದರೆ ಒಂದು ಮುಳ್ಳಿದೆ. ನೆಲಮಂಗಲದಲ್ಲಿರುವ ಅಕ್ಕನ ಮಗಳಿಗೆ ಏಳು ವರ್ಷ. ಅಂಗಳದಲ್ಲಿ ಬಿದ್ದು ಮೊಣಕಾಲು ಕೆತ್ತಿಕೊಂಡವಳು "ಬಚಾವೋ" ಎಂದು ಕೂಗಿದಳು. ಅಜ್ಜಿಗೆ ಅರ್ಥವಾಗಲಿಲ್ಲ. ಆ ಮುಳ್ಳಿನ ವಿಚಾರ ಕೊನೆಗೆ ಬರುತ್ತದೆ.

ಹೈಸ್ಕೂಲಿನವರಿಗೆ ನರುಟೊ

ಬಸ್ಸಿನಲ್ಲಿ ಹಾರುತ್ತಿದ್ದ ಹಳದಿ ಕೂದಲಿನವನು ಇವನೇ. ತಂದೆ ತಾಯಿ ಇಲ್ಲ. ಮೈಯೊಳಗೆ ರಾಕ್ಷಸ ನರಿಯನ್ನು ಬಂಧಿಸಿಟ್ಟಿದ್ದಾರೆಂದು ಊರವರು ಹತ್ತಿರ ಸೇರಿಸರು. ಅದೇ ಊರಿಗೆ ಯಜಮಾನನಾಗುತ್ತೇನೆಂದು ಹೊರಟವನ ಕತೆ. ಮಸಾಶಿ ಕಿಶಿಮೊಟೊ ಇದನ್ನು 1999ರಿಂದ 2014ರವರೆಗೆ ಬರೆದು 72 ಪುಸ್ತಕ ಮಾಡಿದರು.

ಊರಿನವರು ಹೊರಗಿಟ್ಟ ಹುಡುಗನ ನೋವು ನಮ್ಮ ಹಳ್ಳಿಗಳ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ಅದಕ್ಕೇ ಇದು ಇಷ್ಟು ನಾಟಿದೆ. ತೊಂದರೆ ಉದ್ದದ್ದು. ಎರಡು ಭಾಗ ಸೇರಿ 720 ಕಂತು! ದಿನಕ್ಕೆ ಎರಡರಂತೆ ನೋಡಿದರೂ ಸುಮಾರು ಒಂದು ವರ್ಷ. ನಡುವೆ ಪುಸ್ತಕದಲ್ಲಿಲ್ಲದ ತುಂಬುಗಾಳಿನ ಕಂತುಗಳು ಬೇಕಾದಷ್ಟು. ಅವನ್ನು ಹಾರಿಸಿದರೆ ಕತೆಗೆ ನಷ್ಟವಿಲ್ಲ, ಪರೀಕ್ಷೆಗೆ ಲಾಭ.

'ಒನ್ ಪೀಸ್' ಎಂಬ ಕಡಲುಗಳ್ಳರ ಕತೆ ಇನ್ನೂ ಉದ್ದ. 1997ರಲ್ಲಿ ಶುರುವಾಗಿ ಟಿವಿಯಲ್ಲಿ 1100 ಕಂತು ದಾಟಿದೆ. ಸೊಗಸಾಗಿದೆ, ನಗಿಸುತ್ತದೆ. ಆದರೆ ಹೊಸಬರು ಮೊದಲಿಗೇ ಇದಕ್ಕೆ ಕೈ ಹಾಕಬಾರದು.

ಚಿಕ್ಕದರಲ್ಲಿ ಚೊಕ್ಕ

ಉದ್ದ ಬೇಡ, ಮೊದಲೂ ಕೊನೆಯೂ ನೆಟ್ಟಗಿರಬೇಕು ಎನ್ನುವವರಿಗೆ ಎರಡು ಇವೆ.

ಒಂದು, 'ಡೆತ್ ನೋಟ್'. 37 ಕಂತು. ಯಾರ ಹೆಸರು ಬರೆದರೆ ಅವರು ಸಾಯುವ ಪುಸ್ತಕವೊಂದು ಓದಿನಲ್ಲಿ ಮುಂದಿರುವ ಹುಡುಗನಿಗೆ ಸಿಗುತ್ತದೆ. ಕೆಟ್ಟವರನ್ನೆಲ್ಲ ಕೊಂದು ಲೋಕ ಉದ್ಧಾರ ಮಾಡುತ್ತೇನೆಂದು ಹೊರಡುತ್ತಾನೆ. ಹಿಡಿಯಲು ಒಬ್ಬ ಪತ್ತೇದಾರ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ರಾತ್ರಿಯೆಲ್ಲ ಓದಿದ ತಲೆಮಾರಿಗೂ ಇದು ಹಿಡಿಸುತ್ತದೆ. ಕೊನೆಯ ಮೂರನೇ ಒಂದು ಪಾಲಿನಲ್ಲಿ ಬಿಗಿ ಸಡಿಲವಾಗುವುದು ನಿಜ. ಹತ್ತನೇ ತರಗತಿ ದಾಟದವರಿಗೆ ಬೇಡ.

ಎರಡು, 'ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್'. 64 ಕಂತು. ಸತ್ತ ತಾಯಿಯನ್ನು ಮರಳಿ ತರಲು ಹೋಗಿ ಅಣ್ಣ ಕೈಕಾಲು ಕಳೆದುಕೊಳ್ಳುತ್ತಾನೆ, ತಮ್ಮ ಮೈಯನ್ನೇ ಕಳೆದುಕೊಳ್ಳುತ್ತಾನೆ. ಒಂದು ಬೇಕಾದರೆ ಇನ್ನೊಂದನ್ನು ತೆರಬೇಕು ಎಂಬುದು ಕತೆಯ ತಿರುಳು. ತಕ್ಕಡಿ ಹಿಡಿದು ಕೂತವರಿಗೆ ಈ ನ್ಯಾಯ ಬೇಗ ಅರ್ಥವಾಗುತ್ತದೆ. ಒಂದೇ ಒಂದು ನೋಡುತ್ತೇನೆ, ಯಾವುದು ಹೇಳಿ ಎಂದರೆ ಈ ವರದಿಗಾರ ಕಾಲೇಜು ಹುಡುಗರಿಗೆ ಹೇಳುವುದು ಇದನ್ನೇ.

ನಮ್ಮ ಜಿಲ್ಲೆಗೇ ಬರೆದಂತಿದೆ!

ಅದೇ ಲೇಖಕಿ ಹಿರೊಮು ಅರಕಾವ. ಹಾಲಿನ ಹಸು ಸಾಕುವ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ಆಕೆಯ ಇನ್ನೊಂದು ಕತೆ 'ಸಿಲ್ವರ್ ಸ್ಪೂನ್'. 15 ಪುಸ್ತಕ, ಟಿವಿಯಲ್ಲಿ 22 ಕಂತು. ಕತ್ತಿಯಿಲ್ಲ, ರಾಕ್ಷಸರಿಲ್ಲ. ನಮ್ಮಲ್ಲಿ ಇದರ ಹೆಸರೆತ್ತಿದವರು ಕಡಿಮೆ.

ಪಟ್ಟಣದ ಹುಡುಗ. ಮಾರ್ಕ್ಸಿನ ಓಟದಲ್ಲಿ ಸೋತು, ಅಪ್ಪನ ಕಣ್ಣು ತಪ್ಪಿಸಿಕೊಳ್ಳಲು ದೂರದ ಕೃಷಿ ಶಾಲೆಗೆ ಸೇರುತ್ತಾನೆ. ಅಲ್ಲಿ ಮುಂಜಾನೆ ಎದ್ದು ಸಗಣಿ ಬಾಚಬೇಕು. ಸೊರಗಿದ ಹಂದಿಮರಿಯೊಂದಕ್ಕೆ ಹೆಸರಿಟ್ಟು ಸಾಕುತ್ತಾನೆ, ಅದು ಕಟುಕರ ಮನೆಗೆ ಹೋಗಲೇಬೇಕೆಂದು ಗೊತ್ತಿದ್ದೂ. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಜೋಡೆತ್ತು ಮಾರಿ, ಹಗ್ಗವೊಂದನ್ನೇ ಹೆಗಲಿಗೆ ಹಾಕಿಕೊಂಡು ಮನೆಗೆ ಬಂದು ಊಟ ಬಿಟ್ಟವರನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕೆ?

ಇನ್ನೊಬ್ಬ ಗೆಳೆಯನ ಮನೆ ಸಾಲದಲ್ಲಿ ಮುಳುಗುತ್ತದೆ. ಜಾಮೀನು ಹಾಕಿದ ನೆರೆಮನೆಗೂ ಬಿಸಿ ತಟ್ಟುತ್ತದೆ. ಆ ಹುಡುಗ ಓದು ಬಿಡುತ್ತಾನೆ. ಆ ಕಂತು ನೋಡಿ ಈ ವರದಿಗಾರ ಮೊಬೈಲು ಮಗುಚಿಟ್ಟು ಹೊರಗೆ ಹೋಗಿ ನಿಂತಿದ್ದ. ಕಾಲೇಜಿನ ಫೀಜು ಕಟ್ಟುವ ದಿನ ಅಪ್ಪನ ಮುಖ ಹೇಗಿತ್ತೆಂಬುದು ಇಷ್ಟು ವರ್ಷದ ಮೇಲೆ ನೆನಪಾಯಿತು. ಓದು ಬಿಟ್ಟವನು ಕೆಟ್ಟ ಎಂದು ಆ ಕತೆ ಎಲ್ಲಿಯೂ ಹೇಳುವುದಿಲ್ಲ. ಇಷ್ಟು ಸಾಕು, ಮುಂದಿನದು ನೀವೇ ನೋಡಿ. ಅಪ್ಪ ಮಗ ಒಟ್ಟಿಗೆ ಕೂತು ನೋಡಬಹುದಾದದ್ದು ಒಂದಿದ್ದರೆ ಇದೇ.

ಸಂಜೆ ಒಂದೇ ಬಿಡುವಿದ್ದರೆ

1988ರ ಏಪ್ರಿಲ್ 16ರಂದು ಜಪಾನಿನ ಜಿಬ್ಲಿ ಸ್ಟುಡಿಯೋ ಎರಡು ಸಿನಿಮಾಗಳನ್ನು ಒಟ್ಟಿಗೆ ತೆರೆಗೆ ಬಿಟ್ಟಿತು. 'ಮೈ ನೈಬರ್ ಟೊಟೊರೊ' ಮಿಯಾಝಾಕಿಯವರದು. ಹಳ್ಳಿಮನೆ, ಕಾಯಿಲೆಯ ತಾಯಿ, ಇಬ್ಬರು ಪುಟ್ಟ ಹುಡುಗಿಯರು, ಮರದ ಬುಡದಲ್ಲಿ ಒಂದು ಡುಮ್ಮ ಪ್ರಾಣಿ. ಅಜ್ಜಿ ಮೊಮ್ಮಗು ಸೇರಿ ನೋಡಬಹುದು. 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ತಕಹಾತರದು. 1945ರ ಬಾಂಬಿನ ದಾಳಿಯಲ್ಲಿ ಅನಾಥರಾದ ಅಣ್ಣ ತಂಗಿ, ಹಸಿವು. ಮೂಲಕತೆ ಬರೆದಾತ ಯುದ್ಧಕಾಲದಲ್ಲಿ ತನ್ನ ತಂಗಿಯನ್ನೇ ಕಳೆದುಕೊಂಡವನು. ಒಳ್ಳೆಯ ಸಿನಿಮಾ. ಆದರೆ ಊಟಕ್ಕೆ ಮುಂಚೆ ನೋಡಬೇಡಿ, ತುತ್ತು ಇಳಿಯುವುದಿಲ್ಲ.

ಕನ್ನಡ ಮಾತ್ರ ಇಲ್ಲ

ಈಗ ಆ ಮುಳ್ಳಿನ ವಿಚಾರ.

2025ರ ಸೆಪ್ಟೆಂಬರ್ 12ರಂದು 'ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್' ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂತು. ಇದ್ದಿಲು ಮಾರುವ ಹುಡುಗ, ರಾಕ್ಷಸಿಯಾಗಿ ಹೋದ ತಂಗಿಯನ್ನು ಬೆನ್ನ ಮೇಲಿನ ಪೆಟ್ಟಿಗೆಯಲ್ಲಿ ಹೊತ್ತು ತಿರುಗುವ ಕತೆಯದು. ತಲೆ ಕಡಿಯುವುದು ಜಾಸ್ತಿ, ಚಿಕ್ಕವರಿಗಲ್ಲ. ಸಿನಿಮಾ ಕತೆಯ ಕೊನೆಯ ಘಟ್ಟ, ಮೊದಲ ಕಂತಿನಿಂದ ನೋಡದವರಿಗೆ ತಲೆಬುಡ ತಿಳಿಯದು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಬರಲಿಲ್ಲ.

ಅದೇ ವರ್ಷ ಜನವರಿ 24ರಂದು ಯುಗೊ ಸಾಕೊ ಎಂಬ ಜಪಾನಿಯವರು ನಮ್ಮ ರಾಮ್ ಮೋಹನ್ ಜತೆ ಸೇರಿ 1992ರಲ್ಲಿ ಮುಗಿಸಿದ 'ರಾಮಾಯಣ' ಮತ್ತೆ ತೆರೆಗೆ ಬಂತು. ನಮ್ಮ ರಾಮನೇ! ಆಗಲೂ ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಮಾತಾಡಿದ. ಕನ್ನಡ ಮಾತಾಡಲಿಲ್ಲ.

ಇದಕ್ಕೊಂದು ಹಿನ್ನೆಲೆಯಿದೆ. ಕನ್ನಡ ಚಿತ್ರರಂಗ ಉಳಿಯಲೆಂದು 1960ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ಚಳವಳಿ ನಡೆಯಿತು. ಆಗ ಅದಕ್ಕೆ ಕಾರಣವಿತ್ತು, ದುಡಿಯುವವರ ಹೊಟ್ಟೆಪಾಡಿತ್ತು. ಆಮೇಲೆ ದಶಕಗಟ್ಟಲೆ ಬರೆಯದ ಕಟ್ಟಳೆಯಾಗಿ ನಡೆಯಿತು. ಆ ಅಡ್ಡಿ ತಪ್ಪೆಂದು ಸ್ಪರ್ಧಾ ಆಯೋಗ 2015ರಲ್ಲಿ ಹೇಳಿತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಡಬ್ಬಾಗಿ ಬಂತು. ಮಕ್ಕಳಿಗೆಂದೇ 2009ರಲ್ಲಿ ಚಿಂಟು ಟಿವಿಯೂ ಬಂದಿತ್ತು. ಬಾಗಿಲು ತೆರೆದಿದೆ. ಒಳಗೆ ಬಂದ ಅನಿಮೆಗೆ ಮಾತ್ರ ಕನ್ನಡ ಕಲಿಸುವವರು ಕಡಿಮೆ.

"ಕನ್ನಡದಲ್ಲಿ ಕೊಟ್ರೆ ಯಾರು ನೋಡ್ತಾರೆ?" ಎನ್ನುವ ಬುದ್ಧಿವಂತರಿದ್ದಾರೆ. ಅವರಿಗೊಂದು ಹಳೆಯ ಲೆಕ್ಕ. ದೇಶವೇ ಓದಿದ 'ಅಮರ ಚಿತ್ರ ಕಥೆ' ಮೊದಲು ಅಚ್ಚಾದದ್ದು ಯಾವ ಭಾಷೆಯಲ್ಲಿ? ಕನ್ನಡದಲ್ಲಿ! ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಈ ಕತೆ ಹೇಳಿದ್ದಾರೆ. 1965ರಲ್ಲಿ ಹೊರದೇಶದ ಮಕ್ಕಳ ಕತೆಗಳನ್ನೇ ಕನ್ನಡ ಮಾಡಿ ತಂದರು, ಚೆನ್ನಾಗಿ ಖರ್ಚಾಯಿತು. ಮೊದಲ ಹತ್ತು ಕನ್ನಡದವು, ಅದಕ್ಕೇ ಇಂಗ್ಲಿಷ್ ಪುಸ್ತಕಗಳ ನಂಬರು 11ರಿಂದ ಶುರು. ಮುಂದೆ ಅದನ್ನು ಮನೆಮನೆಗೆ ಮುಟ್ಟಿಸಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಹೊರಗಿನ ಕತೆಗೆ ಕನ್ನಡದ ಬಾಯಿ ಕೊಟ್ಟರೆ ಮಕ್ಕಳು ಕೊಳ್ಳುತ್ತಾರೆಂದು ಅಂದೇ ಸಾಬೀತಾಗಿತ್ತು.

ಹೊಸಕೋಟೆ ದಾಟಿ ನರಸಾಪುರಕ್ಕೆ ಹೋದರೆ ಜಪಾನಿನ ಹೋಂಡಾ ಸ್ಕೂಟರಿನ ಕಾರ್ಖಾನೆ. ಅಲ್ಲಿ ಸ್ಕೂಟರು ಕಟ್ಟುವ ಕೈಗಳು ನಮ್ಮವು. ಕತೆಗೆ ದನಿ ಕೊಡುವ ಗಂಟಲುಗಳೂ ನಮ್ಮಲ್ಲಿ ಇವೆ. ನಾಟಕ ಆಡುವ ಎಷ್ಟು ಹುಡುಗರು ಕೆಲಸವಿಲ್ಲದೆ ಇದ್ದಾರೆ!

ಕೊನೆಯ ಕಿವಿಮಾತು

ತಂದೆ ತಾಯಿಯರೇ, ಮೊಬೈಲು ಕಿತ್ತುಕೊಳ್ಳುವ ಮುಂಚೆ ಒಂದು ಕಂತು ಪಕ್ಕದಲ್ಲಿ ಕೂತು ನೋಡಿ. ಯಾವ ವಯಸ್ಸಿನವರಿಗೆ ಎಂದು ಶುರುವಿನಲ್ಲೇ ಬರೆದಿರುತ್ತದೆ, ಓದಿ. ಹುಡುಗರೇ, ಮೂರು ಕಂತು ನೋಡಿಯೂ ಹಿಡಿಸದಿದ್ದರೆ ಬಿಟ್ಟುಬಿಡಿ, ಗೆಳೆಯರ ಮುಲಾಜಿಗೆ ಮುನ್ನೂರು ನೋಡಬೇಡಿ. ಪುಸ್ತಕ ಬೇಕಾದವರು ಚರ್ಚ್ ಸ್ಟ್ರೀಟಿಗೆ ಹೋದರೆ ಹೊಸದೂ ಹಳೆಯದೂ ಸಿಗುತ್ತದೆ. ಮೊದಲೊಂದು ಪುಸ್ತಕ ಕೊಂಡು ನೋಡಿ, ಪೂರ್ತಿ ಕಂತೆಗೆ ದುಡ್ಡು ಸುರಿಯಬೇಡಿ.

ಕಿರಾಣಿ ಅಂಗಡಿ ಯಜಮಾನರೇ, ತಾವು ಇದನ್ನು ಓದುತ್ತಿದ್ದರೆ, ನಾಳೆ ಬಸ್ಸಿನಲ್ಲಿ ಆ ಹುಡುಗ ಸಿಕ್ಕಾಗ "ಎಷ್ಟನೇ ಕಂತಪ್ಪಾ?" ಅಂತ ಕೇಳಿ. ರಾಜಾನುಕುಂಟೆಯವರೆಗೆ ಮಾತಿಗೆ ಬರವಿರುವುದಿಲ್ಲ.

ಅಕ್ಕನ ಮಗಳ ಮೊಣಕಾಲು ವಾಸಿಯಾಯಿತು. "ಬಚಾವೋ ಅಂದ್ರೆ 'ಕಾಪಾಡಿ' ಅಂತ ಅಜ್ಜಿ" ಎಂದು ಅವಳೇ ಕಲಿಸಿಕೊಟ್ಟಳು. ಕನ್ನಡ ಬಿಟ್ಟು ಬೇರೆ ತಿಳಿಯದ ಆ ಮುದುಕಿ ಈಗ ಮೊಮ್ಮಗಳ ಜತೆ ಕೂತು ಡೋರೆಮಾನ್ ನೋಡುತ್ತದೆ. ಬೆಕ್ಕು ಏನಂತು ಎಂದು ಸಾಲು ಸಾಲಿಗೆ ಕೇಳುತ್ತದೆ. ಏಳು ವರ್ಷದ ಮಗು ಸಾಲು ಸಾಲಿಗೆ ಕನ್ನಡ ಮಾಡಿ ಹೇಳುತ್ತದೆ. ದೊಡ್ಡ ಕಂಪನಿಗಳು ಮಾಡದ ಕೆಲಸವನ್ನು ಸದ್ಯಕ್ಕೆ ಅವಳೊಬ್ಬಳು ಮಾಡುತ್ತಿದ್ದಾಳೆ.