ಜೂನ್‌ನಲ್ಲೂ ಸಲೀಸಾಗಿ ಮುಚ್ಚುವ ಬಾಗಿಲು: ತೋಟದ ಶೆಡ್‌ಗೆ ನೀವೇ ಮಾಡಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ತೀರಾ ಸಣ್ಣದು ಅನ್ನಿಸೋ ಒಂದು ವಿಷಯ: ತೋಟದ ಶೆಡ್‌ನ ಬಾಗಿಲು.

ಸಣ್ಣದು ಅಂದೆ, ಆದರೆ ನೋಡಿ. ನಮ್ಮ ಮಲೆನಾಡಿನ ಅಡಿಕೆ ತೋಟದ ಶೆಡ್ ಒಳಗೆ ಏನಿರುತ್ತೆ? ಕಳೆ ಕತ್ತರಿಸೋ ಮಿಷನ್, ಸ್ಪ್ರೇಯರ್, ಪೆಟ್ರೋಲ್ ಕ್ಯಾನ್, ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ಮೈಲುತುತ್ತ. ಮಕ್ಕಳ ಕೈಗೆ ಸಿಗಲೇಬಾರದ ವಸ್ತುಗಳು ಇವು. ಮಳೆ ಹಿಡಿದು ಎರಡು ವಾರ ಆಗೋದ್ರೊಳಗೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚುತ್ತೆ, ಚಿಲಕ ಕೂರಲ್ಲ. ಆಮೇಲೆ ಅರ್ಧ ತೆರೆದ ಬಾಗಿಲಿಗೊಂದು ಹಗ್ಗ ಕಟ್ಟಿ ಅಕ್ಟೋಬರ್ ತನಕ ಕಾಲ ತಳ್ಳೋದು. ಬೀಗ ಬೇಕಾದ ಹೊತ್ತಲ್ಲೇ ಬೀಗ ಇಲ್ಲ.

ಇದಕ್ಕೆ ಮರವನ್ನು ಬೈದು ಪ್ರಯೋಜನ ಇಲ್ಲ. ಮರ ಹಿಗ್ಗುತ್ತೆ, ಕುಗ್ಗುತ್ತೆ. ಅದಕ್ಕೆ ಜಾಗ ಬಿಟ್ಟು ಬಾಗಿಲು ಕಟ್ಟಿದ್ರೆ ಮಾತ್ರ ವರ್ಷಪೂರ್ತಿ ಮುಚ್ಚುತ್ತೆ. ಇವತ್ತು ಹೇಳೋದೆಲ್ಲ ಈ ಒಂದೇ ಮಾತಿನ ವಿವರಣೆ.

ಮರ ಯಾವ ಕಡೆ ಹಿಗ್ಗುತ್ತೆ?

ಮರ ಗಾಳಿಯ ತೇವ ಹೀರುತ್ತೆ. ಹೀರಿದಾಗ ಅಗಲಕ್ಕೆ ಹಿಗ್ಗುತ್ತೆ, ಉದ್ದಕ್ಕೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಹಾಗಾಗಿ ಆರಡಿ ಬಾಗಿಲಿನ ಎತ್ತರ ಬೇಸಿಗೆಯಲ್ಲೂ ಮಳೆಗಾಲದಲ್ಲೂ ಬಹುತೇಕ ಅಷ್ಟೇ. ಅಗಲದ ಲೆಕ್ಕವೇ ಬೇರೆ. ಆರಿಂಚು ಅಗಲದ ಒಂದು ಸಾಮಾನ್ಯ ಹಲಗೆ ಏಪ್ರಿಲ್‌ನಿಂದ ಜುಲೈ ಹೊತ್ತಿಗೆ ಸುಮಾರು 2ರಿಂದ 3 ಮಿ.ಮೀ. ಹಿಗ್ಗಬಹುದು. ಅಂಥ ಆರು ಹಲಗೆ ಒತ್ತೊತ್ತಾಗಿ ಜೋಡಿಸಿದ್ರೆ ಒಟ್ಟು 12ರಿಂದ 18 ಮಿ.ಮೀ. ಬಾಗಿಲಿನ ಸುತ್ತ ಅಷ್ಟು ಸಂದು ಯಾರು ಬಿಡ್ತಾರೆ? ಅದಕ್ಕೇ ಕಚ್ಚೋದು. ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತೆ. ಅಲ್ಲಿ ಈ ಲೆಕ್ಕ ಬಿಟ್ಟು ಬಾಗಿಲು ಮಾಡೋಕೇ ಆಗಲ್ಲ.

ಹಲಗೆ ಜೋಡಿಸೋದು

ತೆರವು 36 ಇಂಚು, ಅಂದ್ರೆ 914 ಮಿ.ಮೀ. ಇದೆ ಅಂದ್ಕೊಳ್ಳಿ. ಎರಡೂ ಬದಿಗೆ 3 ಮಿ.ಮೀ. ಬಿಟ್ರೆ ಬಾಗಿಲಿಗೆ ಉಳಿಯೋದು 908. ಆರು ಹಲಗೆಗಳ ನಡುವೆ ಐದು ಸಂದು, ಒಂದೊಂದು 3 ಮಿ.ಮೀ., ಒಟ್ಟು 15. ಉಳಿದದ್ದನ್ನು ಆರಕ್ಕೆ ಭಾಗಿಸಿ: ಒಂದು ಹಲಗೆ ಸುಮಾರು 149 ಮಿ.ಮೀ. ಕೆಳಗೆ ಅರ್ಧ ಇಂಚು ಎತ್ತರ ಬಿಡಿ, ನೆಲದ ನೀರು ತಾಗಬಾರದು.

ಈ ಲೆಕ್ಕ ಬೇಸಿಗೆಯಲ್ಲಿ, ಚೆನ್ನಾಗಿ ಒಣಗಿದ ಮರಕ್ಕೆ. ಮಳೆಗಾಲದಲ್ಲಿ ಮಾಡ್ತೀರಾದ್ರೆ ಮರ ಆಗಲೇ ಹಿಗ್ಗಿರುತ್ತೆ, ಹಲಗೆಗಳನ್ನು ಹತ್ತಿರ ಹತ್ತಿರ ಕೂರಿಸಬಹುದು. ಬೇಸಿಗೆಗೆ ಸಂದು ತಾನೇ ಬಿಡುತ್ತೆ.

ಹಲಗೆಗಳ ಹಿಂದೆ ಮೇಲೊಂದು, ಕೆಳಗೊಂದು ಅಡ್ಡಪಟ್ಟಿ. ಆರಡಿ ಬಾಗಿಲಾದ್ರೆ ನಡುವೆ ಇನ್ನೊಂದು. ಪ್ರತಿ ಹಲಗೆಗೆ ಪ್ರತಿ ಪಟ್ಟಿಯಲ್ಲಿ ಎರಡು ಸ್ಕ್ರೂ ಸಾಕು, ಅದೂ ಹಲಗೆಯ ನಡುಭಾಗದಲ್ಲಿ, ಎರಡು ಇಂಚು ಅಂತರದಲ್ಲಿ. ಎರಡೂ ಅಂಚಿಗೆ ಸ್ಕ್ರೂ ಬಿಗಿದು ಹಲಗೆಯನ್ನು ಕಟ್ಟಿಹಾಕಿದ್ರೆ, ಕುಗ್ಗೋ ಹೊತ್ತಿಗೆ ಅದು ಮಧ್ಯೆ ಸೀಳುತ್ತೆ.

ಓರೆಪಟ್ಟಿ: ಎಲ್ಲಿಂದ ಎಲ್ಲಿಗೆ?

ಬಾಗಿಲು ಜೋತು ಬೀಳಬಾರದು ಅಂತ ಅಡ್ಡಪಟ್ಟಿಗಳ ನಡುವೆ ಒಂದು ಓರೆಪಟ್ಟಿ ಹಾಕ್ತೀವಿ. ಅದು ಶುರುವಾಗಬೇಕಾದ್ದು ಹಿಂಜಸ್ ಇರೋ ಬದಿಯ ಕೆಳಗಿನಿಂದ, ಹೋಗಿ ಮುಟ್ಟಬೇಕಾದ್ದು ಚಿಲಕದ ಬದಿಯ ಮೇಲಕ್ಕೆ. ಯಾಕೆ ಅಂತ ನಮ್ಮೂರಿನ ಆಚಾರ್ರು ಒಂದೇ ಮಾತಲ್ಲಿ ಹೇಳಿಕೊಟ್ಟಿದ್ರು: "ಗೊನೆ ಬಿಟ್ಟ ಬಾಳೆಗೆ ಕವೆಗೋಲು ಕೊಡ್ತೀರಲ್ಲ, ಹಾಗೆ." ಬಾಗಿಲಿನ ಭಾರ ಚಿಲಕದ ಬದಿಯಲ್ಲಿ ಕೆಳಕ್ಕೆ ಜಗ್ಗುತ್ತೆ. ಓರೆಪಟ್ಟಿ ಅದನ್ನು ಕೆಳಗಿನಿಂದ ಆನಿಸಿಕೊಂಡು, ಭಾರವನ್ನು ಕೆಳಗಿನ ಹಿಂಜಸ್‌ಗೆ ಸಾಗಿಸುತ್ತೆ. ಉಲ್ಟಾ ಹಾಕಿದ್ರೆ ಪಟ್ಟಿ ಆನಿಸೋ ಬದಲು ಎಳೆತಕ್ಕೆ ಸಿಗುತ್ತೆ. ಆಗ ಭಾರ ತಡೆಯೋದು ಬರೀ ಸ್ಕ್ರೂಗಳು, ಅವು ನಿಧಾನಕ್ಕೆ ಸಡಿಲಾಗ್ತವೆ.

ಚೌಕಟ್ಟು ಮತ್ತು ಹಿಂಜಸ್

ಕೆಂಪುಕಲ್ಲಿನ ಗೋಡೆಯ ತೆರವು ನೇರ ಇರುತ್ತೆ ಅಂತ ನಂಬಬೇಡಿ. ಚೌಕಟ್ಟಿನ ಎರಡು ಕರ್ಣಗಳನ್ನು ಟೇಪ್ ಹಿಡಿದು ಅಳೀರಿ. ಎರಡೂ ಒಂದೇ ಬಂದ್ರೆ ಮೂಲೆ ಸರಿ ಇದೆ. ಕಂಬ ನೆಟ್ಟಗಿದೆಯಾ ಅಂತ ತೂಕದ ಗುಂಡು ಇಳಿಬಿಟ್ಟು ನೋಡಿ. ಫೋನ್‌ನಲ್ಲೂ ಮಟ್ಟ ನೋಡೋ ಆ್ಯಪ್ ಇದೆ, ಆದರೆ ಆರಡಿ ಕಂಬಕ್ಕೆ ದಾರ-ಗುಂಡಿನಷ್ಟು ಭರವಸೆ ಅದಕ್ಕಿಲ್ಲ.

ಬಾಗಿಲನ್ನು ತೆರವಿನಲ್ಲಿ ನಿಲ್ಲಿಸಿ, ಅಡಿಗೆ ಬೆಣೆ ಕೊಟ್ಟು, ಸುತ್ತಲ ಸಂದು ಸರಿ ಮಾಡ್ಕೊಂಡ ಮೇಲೇ ಹಿಂಜಸ್ ಹಾಕಿ. ಉದ್ದ ಪಟ್ಟಿಯ ಟಿ ಆಕಾರದ ಹಿಂಜಸ್ ಒಳ್ಳೇದು, ಅದು ಅಡ್ಡಪಟ್ಟಿಯ ನೇರಕ್ಕೇ ಕೂರಬೇಕು. ಬಾಗಿಲು ಹೊರಕ್ಕೆ ತೆರೆಯೋದಾದ್ರೆ ಹಿಂಜಸ್ ಹೊರಗಡೆ ಕಾಣುತ್ತೆ. ಆಗ ಬರೀ ಸ್ಕ್ರೂ ಸಾಲದು, ಪ್ರತಿ ಹಿಂಜಸ್‌ಗೂ ಗುಂಡು ತಲೆಯ ಎರಡು ಬೋಲ್ಟ್ ಆರಪಾರ ಹಾಕಿ ಒಳಗಿನಿಂದ ನಟ್ ಬಿಗೀರಿ. ಇಲ್ಲಾಂದ್ರೆ ಬೀಗ ಎಷ್ಟು ದುಬಾರಿಯದಾದ್ರೂ, ಕಳ್ಳನಿಗೆ ಒಂದು ಸ್ಕ್ರೂಡ್ರೈವರ್ ಸಾಕು. ಇನ್ನೊಂದು ಮಾತು: ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತೆ. ಅದನ್ನು ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬದಲ್ಲಿ, ಬಾಗಿಲಿನಿಂದ ದೂರ ಇಡಿ.

ಅಂಚುಪಟ್ಟಿ ಅಲಂಕಾರಕ್ಕಲ್ಲ

ಅಷ್ಟೊಂದು ಸಂದು ಬಿಟ್ರೆ ಇರಚಲು ಒಳಗೆ ಬರಲ್ವಾ? ಬರುತ್ತೆ. ಅದಕ್ಕೇ ಪಟ್ಟಿಗಳು. ಹಲಗೆಗಳ ನಡುವಿನ ಪ್ರತಿ ಸಂದಿನ ಮೇಲೆ ಎರಡಿಂಚಿನ ತೆಳು ಪಟ್ಟಿ ಹೊಡೀರಿ. ಮೊಳೆ ಮಾತ್ರ ಒಂದೇ ಬದಿಯ ಹಲಗೆಗೆ. ಎರಡೂ ಹಲಗೆಗೆ ಹೊಡೆದ್ರೆ ಇಷ್ಟು ಹೊತ್ತು ಬಿಟ್ಟ ಸಂದಿಗೆ ಬೀಗ ಹಾಕಿದ ಹಾಗೆ. ಚೌಕಟ್ಟು ಮತ್ತು ಗೋಡೆ ಸೇರೋ ಕಡೆ ಹಾಕೋ ಪಟ್ಟಿಗೂ ಇದೇ ನಿಯಮ: ಚೌಕಟ್ಟಿಗೆ ಹೊಡೀರಿ, ಬಾಗಿಲಿಗೆ ತಾಗಿಸಬೇಡಿ. ಎರಡು ರೆಕ್ಕೆಯ ಬಾಗಿಲಾದ್ರೆ ನಡುವಿನ ಮುಚ್ಚುಪಟ್ಟಿ ಒಂದೇ ರೆಕ್ಕೆಗೆ.

ಬಾಗಿಲಿನ ತಲೆಯ ಮೇಲೆ ಮುಂದಕ್ಕೆ ಚಾಚಿದ, ಸ್ವಲ್ಪ ಇಳಿಜಾರಾದ ಒಂದು ಪಟ್ಟಿ ಬೇಕು. ಅದರ ಅಡಿಯಲ್ಲಿ, ಮುಂಗಡೆ ಅಂಚಿನ ಹತ್ತಿರ ಗರಗಸದಿಂದ ಒಂದು ಸಣ್ಣ ಗೀರು ಕೊಯ್ದುಬಿಡಿ. ನೀರು ಆ ಗೀರು ದಾಟಿ ಒಳಗೆ ಹರಿಯಲಾರದೆ ಅಲ್ಲೇ ತೊಟ್ಟಿಕ್ಕುತ್ತೆ.

ಬಣ್ಣ, ಮತ್ತೆ ತಾಳ್ಮೆ

ಮರ ನೀರು ಕುಡಿಯೋದು ಹೆಚ್ಚಾಗಿ ಕೊಯ್ದ ತುದಿಯಿಂದ. ಜನ ಮುಖಕ್ಕೆ ಎರಡು ಸಲ ಬಣ್ಣ ಬಳೀತಾರೆ, ಬಾಗಿಲಿನ ತಳವನ್ನು ಮರೀತಾರೆ. ಹಲಗೆ ಜೋಡಿಸೋ ಮುಂಚೆಯೇ ಎಲ್ಲ ತುದಿಗೂ, ಹಿಂಬದಿಗೂ ಪ್ರೈಮರ್ ಹೊಡೀರಿ.

ಇಷ್ಟಾದ್ಮೇಲೂ ಮಳೆಗಾಲದಲ್ಲಿ ಎಲ್ಲಾದರೂ ತಾಗಿದ್ರೆ, ತಕ್ಷಣ ಕೀಸುಳಿ ಎತ್ತಬೇಡಿ. ಮೊದಲು ಹಿಂಜಸ್‌ನ ಸ್ಕ್ರೂ ಸಡಿಲಾಗಿದೆಯಾ ನೋಡಿ. ಸರಿ ಇದ್ರೆ, ಚೌಕಟ್ಟಿನ ಅಂಚಿಗೆ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿ ತೆಗೀರಿ. ಗುರುತು ಬಿದ್ದ ಜಾಗದಲ್ಲಿ ಮಾತ್ರ ಕೂದಲೆಳೆಯಷ್ಟು ಕೀಸಿ. ಜುಲೈಯಲ್ಲಿ ಧಾರಾಳವಾಗಿ ಕೀಸಿದ ಬಾಗಿಲು ಫೆಬ್ರವರಿಯಲ್ಲಿ ಹಾವಿಗೆ ದಾರಿ ಬಿಟ್ಟಿರುತ್ತೆ.

ಏಪ್ರಿಲ್, ಮೇ ಈ ಕೆಲಸಕ್ಕೆ ಸರಿಯಾದ ಹೊತ್ತು. ನಿಮ್ಮ ಮನೆಯ ಶೆಡ್‌ನ ಬಾಗಿಲಿಗೆ ಈಗ ಹಗ್ಗ ಇದೆಯೋ, ಚಿಲಕ ಇದೆಯೋ, ಈ ಭಾನುವಾರ ಒಮ್ಮೆ ಹೋಗಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.