ನಾಯಿಯ ಕಿವಿರೋಗವೂ ಚೀನೀ ವೈದ್ಯವೂ

ನಾಯಿಯೊಂದು ಮೇಲಿಂದ ಮೇಲೆ ತಲೆ ಕೊಡವುತ್ತ, ಹಿಂಗಾಲಿನಿಂದ ಕಿವಿಯನ್ನು ಕೆರೆದುಕೊಳ್ಳುತ್ತ ಕುಳಿತಿರುವುದನ್ನು ನೋಡದವರು ಯಾರು? ಹತ್ತಿರ ಹೋದರೆ ದುರ್ವಾಸನೆ. ಕಿವಿಯ ಹಾಲೆಯನ್ನೆತ್ತಿ ನೋಡಿದರೆ ಕೆಂಪಡರಿದ ಚರ್ಮ, ಕಂದು ಬಣ್ಣದ ಗುಗ್ಗೆ, ಕೆಲವೊಮ್ಮೆ ಕೀವು. ಔಷಧ ಹಾಕಿದರೆ ವಾಸಿಯಾಗುವುದು. ಕೆಲವು ವಾರಗಳಲ್ಲಿ ಮತ್ತೆ ಮರುಕಳಿಸುವುದು. ಹೀಗೆ ಬೇಸತ್ತ ಒಡೆಯರಲ್ಲಿ ಕೆಲವರು, ಅಮೆರಿಕ, ಯೂರೋಪುಗಳಲ್ಲಿ ಕೂಡ, ಚೀನದ ಹಳೆಯ ವೈದ್ಯಪದ್ಧತಿಯ ಕಡೆಗೆ ತಿರುಗಿದ್ದಾರೆ. ಗಿಡಮೂಲಿಕೆಯ ಗುಳಿಗೆ ಮತ್ತು ಸೂಜಿಚಿಕಿತ್ಸೆ, ಇವೆರಡರಿಂದ ನಾಯಿಯ ಕಿವಿ ಗುಣವಾಗಬಲ್ಲುದೆ? ಉತ್ತರವನ್ನು ಹುಡುಕುವ ಮುನ್ನ ಆ ಕಿವಿಯ ರಚನೆಯನ್ನು ತಿಳಿಯುವುದು ಒಳ್ಳೆಯದು.

ಬಾಗಿದ ಕೊಳವೆ

ಮನುಷ್ಯನ ಕಿವಿಯ ಹೊರನಾಳ ಮೋಟಾದುದು, ಬಹುಮಟ್ಟಿಗೆ ನೇರವಾದುದು. ನಾಯಿಯದು ಹಾಗಲ್ಲ. ಅದು ಮೊದಲು ಕೆಳಮುಖವಾಗಿ ಇಳಿದು, ಅನಂತರ ಒಳಕ್ಕೆ ತಿರುಗಿ ಕಿವಿದಮಟೆಯನ್ನು ಮುಟ್ಟುವುದು. ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರ. ಹೊರಗಿನಿಂದ ಇಣುಕಿದವನಿಗೆ ಕಾಣುವುದು ಮೇಲಿನ ಅರ್ಧ ಮಾತ್ರ. ನಾಳದ ಒಳಗೆ ಹಾಸಿರುವುದು ಚರ್ಮವೇ. ಅದರಲ್ಲಿ ಜಿಡ್ಡನ್ನೂ ಗುಗ್ಗೆಯನ್ನೂ ಸ್ರವಿಸುವ ಗ್ರಂಥಿಗಳುಂಟು. ಈ ಚರ್ಮದ ಮೇಲ್ಪದರ ಕಿವಿದಮಟೆಯ ಕಡೆಯಿಂದ ಹೊರಮುಖವಾಗಿ ಬಹು ನಿಧಾನವಾಗಿ ಸರಿಯುತ್ತಲೇ ಇರುವುದು. ಕಸ, ಸತ್ತ ಕೋಶಗಳು, ಗುಗ್ಗೆ ಎಲ್ಲವೂ ಅದರೊಡನೆ ಹೊರಬೀಳುವುವು. ಆರೋಗ್ಯವಂತ ಕಿವಿಗೆ ಕಸಗುಡಿಸುವವರು ಬೇಕಿಲ್ಲ.

ಚರ್ಮ ಉರಿಯೂತದಿಂದ ಬಾತುಕೊಂಡಿತೆಂದರೆ ಈ ಚಲನೆ ಕುಂಟುವುದು, ನಾಳ ಕಿರಿದಾಗುವುದು, ತೇವ ಒಳಗೇ ನಿಲ್ಲುವುದು. ಆಗ ಮೊದಲಿನಿಂದಲೂ ಅಲ್ಪಸಂಖ್ಯೆಯಲ್ಲಿ ಅಲ್ಲಿ ವಾಸಿಸುತ್ತಿದ್ದ ಸೂಕ್ಷ್ಮಜೀವಿಗಳಿಗೆ ಸುಗ್ಗಿ. ಅವುಗಳಲ್ಲಿ ಮುಖ್ಯವಾದುದು ‘ಮಲಸೇಸಿಯ ಪ್ಯಾಕಿಡರ್ಮಾಟಿಸ್’ ಎಂಬ ಯೀಸ್ಟು. ಇದನ್ನು 1925ರಲ್ಲಿ ವಿವರಿಸಿದವನು ವೈಡ್‌ಮನ್ ಎಂಬ ಅಮೆರಿಕದ ವಿಜ್ಞಾನಿ; ಅವನಿಗೆ ಅದು ಸಿಕ್ಕಿದ್ದು ಚರ್ಮರೋಗ ತಗುಲಿದ್ದ ಭಾರತೀಯ ಘೇಂಡಾಮೃಗವೊಂದರಲ್ಲಿ. ಹೆಸರು ದಪ್ಪ ಚರ್ಮದ ಪ್ರಾಣಿಯದು. ಹೆಚ್ಚಾಗಿ ಕಂಡುಬರುವುದು ನಾಯಿಯ ಕಿವಿಯಲ್ಲಿ! ಹೆಸರಿಗೂ ವಸ್ತುವಿಗೂ ಇರುವ ಇಂತಹ ಅಂತರವನ್ನು ಓದುಗರು ನೆನಪಿನಲ್ಲಿಡಲಿ. ಮುಂದೆ ಇದೇ ಅಂತರ ಪ್ರಾಣಾಪಾಯಕ್ಕೆ ಕಾರಣವಾದುದನ್ನು ನೋಡಲಿರುವೆವು.

ಆದರೆ ಮೊದಲ ಉರಿಯೂತ ಬಂದುದೇಕೆ? ಕಿವಿಸೋರಿಕೆ ಒಂದೇ ಕಾರಣದ ರೋಗವಲ್ಲವೆಂಬುದನ್ನು ಅಮೆರಿಕದ ಪಶುವೈದ್ಯ ಜಾನ್ ಆಗಸ್ಟ್ 1988ರಲ್ಲಿ ಸ್ಪಷ್ಟವಾಗಿ ವಿಂಗಡಿಸಿ ತೋರಿಸಿದನು. ಜೋಲುಕಿವಿ, ನೀರಿನಲ್ಲಿ ಈಜುವ ಅಭ್ಯಾಸ ಮೊದಲಾದುವು ರೋಗಕ್ಕೆ ದಾರಿಮಾಡಿಕೊಡುವುವು. ಒಗ್ಗದ ಆಹಾರ ಅಥವಾ ಧೂಳಿನಿಂದಾಗುವ ಅಲರ್ಜಿ, ಕಿವಿಯ ನುಸಿ, ಒಳಹೊಕ್ಕ ಹುಲ್ಲಿನ ಮುಳ್ಳು, ಥೈರಾಯ್ಡ್ ಗ್ರಂಥಿಯ ಕೊರತೆ ಇವು ಮೂಲಕಾರಣಗಳು. ನಾಳ ಗಡುಸಾಗುವುದು, ಸೋಂಕು ನಡುಗಿವಿಗೆ ಇಳಿಯುವುದು ಇವು ರೋಗವನ್ನು ಬೇರೂರಿಸುವುವು. ಯೀಸ್ಟನ್ನು ಕೊಂದು ಅಲರ್ಜಿಯನ್ನು ಹಾಗೆಯೇ ಬಿಟ್ಟರೆ ರೋಗ ಮರಳುವುದು ಸಹಜವಷ್ಟೆ.

ಚೀನೀ ವೈದ್ಯನ ದೃಷ್ಟಿ

ಕೆಂಪಾಗಿ, ಬಿಸಿಯಾಗಿ, ನಾರುತ್ತ ಸೋರುವ ಕಿವಿಯನ್ನು ಚೀನೀ ಪದ್ಧತಿಯವರು ಬಹುಮಟ್ಟಿಗೆ ‘ತೇವೋಷ್ಣ’ವೆಂದು ಕರೆಯುವರು, ಯಕೃತ್ತು ಮತ್ತು ಪಿತ್ತಕೋಶಗಳ ಮಾರ್ಗದಲ್ಲಿ ತೇವವೂ ತಾಪವೂ ಕೂಡಿ ನಿಂತಿವೆಯೆಂದು ಇದರ ಅರ್ಥ. ಪಿತ್ತಕೋಶದ ಮಾರ್ಗ ಕಿವಿಯನ್ನು ಬಳಸಿ ಹೋಗುವುದೆಂದು ಅವರ ನಕ್ಷೆಗಳು ತೋರಿಸುವುವು. ಆದುದರಿಂದ ಕಿವಿಯ ಹಿಂದಿನ ‘ಯೀ ಫೆಂಗ್’, ತಲೆಬುರುಡೆಯ ಬುಡದ ‘ಫೆಂಗ್ ಛಿ’ ಮೊದಲಾದ ಬಿಂದುಗಳಲ್ಲಿ ತೆಳುವಾದ ಸೂಜಿಗಳನ್ನು ಚುಚ್ಚುವರು. ಚೀನದ ಪಶುವೈದ್ಯ ಬಹಳ ಹಳೆಯದು. ಅಲ್ಲಿ 1608ರಲ್ಲಿ ಹೊರಬಂದ ಪ್ರಸಿದ್ಧ ಗ್ರಂಥವೊಂದು ಮುಖ್ಯವಾಗಿ ಕುದುರೆಗಳ ಚಿಕಿತ್ಸೆಯನ್ನು ಕುರಿತದ್ದು. ನಾಯಿಯ ಬಿಂದುಗಳಾದರೋ ಹೆಚ್ಚಿನ ಮಟ್ಟಿಗೆ ಮನುಷ್ಯನ ನಕ್ಷೆಯಿಂದ ಇತ್ತೀಚೆಗೆ ಅಳವಡಿಸಿಕೊಂಡವು.

ಈ ವೈದ್ಯನ ಕಣ್ಣು ಮೊಂಡಲ್ಲ. ಸೋಂಕಿದ ಕಿವಿ ತೇವವಾಗಿರುವುದೂ ಬಿಸಿಯಾಗಿರುವುದೂ ನಿಜ. ಆದರೆ ಹುಲ್ಲಿನ ಮುಳ್ಳು ಚುಚ್ಚಿದ ಕಿವಿಯೂ ಕೆಂಪಾಗಿ ಸೋರುವುದು, ನುಸಿ ಹತ್ತಿದ ಕಿವಿಯೂ ಕೆಂಪಾಗುವುದು. ಲಕ್ಷಣಕ್ಕೆ ಹೆಸರಿಟ್ಟ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ.

ಸೂಜಿಯ ಫಲವೇನು? ಪ್ರಾಣಿಗಳ ಸೂಜಿಚಿಕಿತ್ಸೆಯನ್ನು ಕುರಿತ ಪ್ರಯೋಗಗಳನ್ನೆಲ್ಲ ಸಂಗ್ರಹಿಸಿ ತೂಗಿದ ವಿಮರ್ಶೆಯೊಂದು 2006ರಲ್ಲಿ ಪ್ರಕಟವಾಯಿತು. ಯಾವ ರೋಗದಲ್ಲಿಯೂ ಅದನ್ನು ಶಿಫಾರಸು ಮಾಡಲು ಅಥವಾ ತಳ್ಳಿಹಾಕಲು ಸಾಕಷ್ಟು ಬಲವಾದ ಸಾಕ್ಷ್ಯವಿಲ್ಲವೆಂದು ಅದರ ತೀರ್ಮಾನ. 2011ರಲ್ಲಿ, ಕಿವಿರೋಗ ಮರುಕಳಿಸುತ್ತಿದ್ದ ನಾಯಿಗಳ ಮೇಲೆ ನಡೆದ ಒಂದು ಸಣ್ಣ ಪ್ರಯೋಗದ ವರದಿ ಬಂದಿತು. ವಾಡಿಕೆಯ ಚಿಕಿತ್ಸೆಯ ಜೊತೆಗೆ ನಿಜವಾದ ಸೂಜಿಚಿಕಿತ್ಸೆ ಪಡೆದ ನಾಯಿಗಳಲ್ಲಿ, ಹುಸಿಚಿಕಿತ್ಸೆ ಪಡೆದವುಗಳಿಗಿಂತ, ಒಂದು ವರ್ಷದಲ್ಲಿ ರೋಗ ಕಡಮೆ ಮರುಕಳಿಸಿತು. ಆಶಾದಾಯಕವೇ ಸರಿ, ಆದರೆ ಒಂದು ಸಣ್ಣ ಪ್ರಯೋಗದಿಂದ ವಿಜ್ಞಾನದ ನಿರ್ಣಯವಾಗದು. ಇದರಲ್ಲಿಯೂ ಸೂಜಿ ವಾಡಿಕೆಯ ಔಷಧಕ್ಕೆ ಜೊತೆಯಾಗಿತ್ತೇ ಹೊರತು ಬದಲಿಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ಮೂಲಿಕೆಗಳ ವಿಷಯವೂ ಹೀಗೆಯೇ. ಚೀನೀ ವೈದ್ಯರು ಬಳಸುವ ‘ಹ್ವಾಂಗ್ ಲಿಯೆನ್’ ಬೇರಿನಲ್ಲಿ ಬರ್ಬರೀನ್ ಎಂಬ ಹಳದಿ ವಸ್ತುವಿದೆ; ನಮ್ಮ ಪಶ್ಚಿಮಘಟ್ಟದ ಮರದರಿಶಿನದಲ್ಲಿರುವುದೂ ಅದೇ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಅದು ಹಲವು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯಬಲ್ಲುದು. ಆದರೆ ನುಂಗಿದ ಬರ್ಬರೀನ್ ಕರುಳಿನಿಂದ ರಕ್ತಕ್ಕೆ ಸೇರುವುದು ಅತ್ಯಲ್ಪ. ತಟ್ಟೆಯಲ್ಲಿ ಗೆದ್ದುದು ಬಾಗಿದ ಕೊಳವೆಯ ಕೊನೆಯಲ್ಲಿಯೂ ಗೆಲ್ಲುವುದೆಂದು ಹೇಳಲಾಗದು.

ಒಂದು ಹೆಸರು, ಎರಡು ಬಳ್ಳಿ

ತೇವೋಷ್ಣಕ್ಕೆ ಪ್ರಸಿದ್ಧವಾದ ಯೋಗ ‘ಲೊಂಗ್ ದಾನ್ ಶ್ಯೆ ಗಾನ್ ತಾಂಗ್’ ಎಂಬುದು. ಮೂಲತಃ ಮನುಷ್ಯರಿಗಾಗಿ ರಚಿತವಾದ ಇದರಲ್ಲಿ ಜ್ಯೇಷ್ಠಮಧುವೂ ಸೇರಿದಂತೆ ಹತ್ತು ಮೂಲಿಕೆಗಳಿವೆ. ಅವುಗಳಲ್ಲೊಂದು ‘ಮು ತೊಂಗ್’. ಹಳೆಯ ಗ್ರಂಥಗಳ ಮು ತೊಂಗ್ ‘ಅಕೀಬಿಯ’ ಎಂಬ ಬಳ್ಳಿ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಚೀನದ ಈಶಾನ್ಯ ಭಾಗದಲ್ಲಿ ಬೆಳೆಯುವ ‘ಗ್ವಾನ್ ಮು ತೊಂಗ್’ ಎಂಬ ಬೇರೊಂದು ಬಳ್ಳಿ ಅದರ ಸ್ಥಾನವನ್ನು ಆಕ್ರಮಿಸಿತು. ಇದು ‘ಅರಿಸ್ಟೊಲೋಕಿಯ’ ಕುಲದ್ದು. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡಗಳನ್ನು ಹಾಳುಮಾಡುವ ವಿಷ.

ಈ ವಿಷದ ಸ್ವರೂಪ ಜಗತ್ತಿಗೆ ತಿಳಿದುದು ಇಂತಹುದೇ ಇನ್ನೊಂದು ಗೊಂದಲದಿಂದ. ಬೆಲ್ಜಿಯಮ್ ದೇಶದಲ್ಲಿ ಮೈ ತೆಳುವಾಗಲೆಂದು ಚೀನೀ ಮೂಲಿಕೆಯ ಗುಳಿಗೆ ನುಂಗುತ್ತಿದ್ದ ಸ್ತ್ರೀಯರ ಮೂತ್ರಪಿಂಡಗಳು ಕೆಡುತ್ತಿರುವ ವಾರ್ತೆ 1993ರಲ್ಲಿ ಪ್ರಕಟವಾಯಿತು. ಕ್ರಮೇಣ ನೂರಕ್ಕೂ ಹೆಚ್ಚು ಮಂದಿ ರೋಗಿಗಳು ಪತ್ತೆಯಾದರು. ‘ಫಾಂಗ್ ಜಿ’ ಎಂಬ ಹೆಸರಿನ ಗಿಡದ ಬದಲು ಅದೇ ಹೆಸರನ್ನು ಹಂಚಿಕೊಂಡಿದ್ದ ಅರಿಸ್ಟೊಲೋಕಿಯ ಕುಲದ ಗಿಡ ಗುಳಿಗೆಗೆ ಸೇರಿತ್ತು. ಮುಂದೆ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ತಲೆದೋರಿತು. ಇತ್ತ ಚೀನ ಸರಕಾರವೂ 2003ರಲ್ಲಿ ಗ್ವಾನ್ ಮು ತೊಂಗನ್ನು ಔಷಧಗಳ ಪಟ್ಟಿಯಿಂದ ತೆಗೆದುಹಾಕಿತು. ನಮ್ಮ ನಾಡಿನ ಈಶ್ವರಿ ಬಳ್ಳಿಯೂ ಇದೇ ಕುಲಕ್ಕೆ ಸೇರಿದುದು, ಅದರಲ್ಲಿಯೂ ಈ ಆಮ್ಲವಿರುವುದು. ‘ಗಿಡಮೂಲಿಕೆ, ಆದುದರಿಂದ ನಿರಪಾಯ’ ಎಂಬ ನಂಬಿಕೆಗೆ ಆಧಾರವಿಲ್ಲ.

ನಾಯಿಯ ಮಟ್ಟಿಗೆ ಅಪಾಯ ಇನ್ನೂ ಗೂಢವಾದುದು. ತನಗೇನಾಗುತ್ತಿದೆಯೆಂದು ಅದು ಹೇಳಲಾರದು. ಮೂತ್ರಪಿಂಡಗಳ ಬಹುಭಾಗ ಕೆಟ್ಟಮೇಲೆಯೇ ಹೊರಗೆ ಲಕ್ಷಣ ಕಾಣುವುದು.

ಹಾಗಾದರೆ ಒಡೆಯನು ಮಾಡತಕ್ಕುದೇನು? ಮೊದಲು ಪಶುವೈದ್ಯರಿಂದ ಕಿವಿಯ ಒಳಭಾಗವನ್ನು ದೀಪವಿರುವ ಉಪಕರಣದಿಂದ ನೋಡಿಸಬೇಕು. ಗುಗ್ಗೆಯನ್ನು ಗಾಜಿನ ಪಟ್ಟಿಗೆ ಸವರಿ ಬಣ್ಣಕಟ್ಟಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ಯೀಸ್ಟೋ ಬ್ಯಾಕ್ಟೀರಿಯವೋ ಕೆಲವೇ ನಿಮಿಷಗಳಲ್ಲಿ ತಿಳಿಯುವುದು. ಕಿವಿದಮಟೆ ಹರಿದಿದ್ದರೆ, ಹೊರಗಿವಿಗೆ ಒಳ್ಳೆಯದಾದ ಕೆಲವು ಔಷಧಗಳೇ ಒಳಗಿವಿಯನ್ನು ತಲುಪಿ ಕಿವುಡನ್ನು ತರಬಲ್ಲವು. ಆದುದರಿಂದ ನೋಡದೆ ಎಣ್ಣೆಯನ್ನಾಗಲಿ ಕಷಾಯವನ್ನಾಗಲಿ ಸುರಿಯುವುದು ಸಲ್ಲದು. ಬಳಿಕ ಕಿವಿಯನ್ನು ಶುಚಿಗೊಳಿಸಿ, ಕಂಡ ಜೀವಿಗೆ ತಕ್ಕ ಔಷಧವಿತ್ತು, ಮೂಲಕಾರಣವನ್ನು ಹುಡುಕಬೇಕು. ಇಷ್ಟನ್ನೂ ಮಾಡುತ್ತ, ನುರಿತ ಪಶುವೈದ್ಯರ ಕೈಯಲ್ಲಿ ಸೂಜಿಚಿಕಿತ್ಸೆಯನ್ನೂ ಪರೀಕ್ಷಿಸಬಯಸುವವರಿಗೆ ಅಡ್ಡಿಯಿಲ್ಲ. ಗುಳಿಗೆಯನ್ನು ಕೊಡುವವರಾದರೋ ಅದರಲ್ಲಿರುವ ಪ್ರತಿಯೊಂದು ಗಿಡದ ಶಾಸ್ತ್ರೀಯ ನಾಮವನ್ನು ಕೇಳಿ ತಿಳಿಯಬೇಕು; ಹೇಳಲಾರದವರಿಂದ ಕೊಳ್ಳಲಾಗದು.

ಔಷಧ ಪೂರ್ವದೇಶದ್ದೋ ಪಶ್ಚಿಮದೇಶದ್ದೋ ಎಂಬುದು ದೊಡ್ಡ ಪ್ರಶ್ನೆಯಲ್ಲ. ಕಿವಿಯೊಳಗೆ ಇರುವುದೇನು, ಗುಳಿಗೆಯೊಳಗೆ ಇರುವುದೇನು ಎಂಬ ಎರಡು ಪ್ರಶ್ನೆಗಳಿಗೆ ಕಣ್ಣಾರೆ ಕಂಡ ಉತ್ತರ ದೊರೆಯುವ ತನಕ ಮೂಕಪ್ರಾಣಿಯ ಬಾಯಿಗೆ ಏನನ್ನೂ ಹಾಕದಿರುವುದೇ ಅದರ ಮೇಲಿನ ನಮ್ಮ ಮಮತೆಗೆ ಸಾಕ್ಷಿ.